ಟ್ಯಾಂಪಾದ ಗಿಟಾರ್ ಸೈನ್ಯ

1974ರ ಮಾತು. ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ ಲಿನರ್ಡ್ ಸ್ಕಿನರ್ಡ್ ತಂಡದ ಶೋ. ಅವರಿಗಿಂತ ಮೊದಲು ವೇದಿಕೆ ಹತ್ತಿದ್ದು ಫ್ಲೋರಿಡಾದ ಟ್ಯಾಂಪಾದಿಂದ ಬಂದಿದ್ದ ಔಟ್‌ಲಾಸ್ ಎಂಬ ಐವರ ತಂಡ. ಇನ್ನೂ ಒಂದು ಆಲ್ಬಂ ಕೂಡ ಹೊರಬಂದಿರಲಿಲ್ಲ. ಪ್ರೇಕ್ಷಕರ ನಡುವೆ ನ್ಯೂಯಾರ್ಕಿನ ಕ್ಲೈವ್ ಡೇವಿಸ್ ಕೂತಿದ್ದ. ಹಿಂದಿನ ವರ್ಷವಷ್ಟೇ ಕೊಲಂಬಿಯಾ ರೆಕಾರ್ಡ್ಸ್‌ನ ಅಧ್ಯಕ್ಷಗಿರಿ ಕಳೆದುಕೊಂಡು, ಈಗ ಆರಿಸ್ಟಾ ಎಂಬ ಹೊಸ ಕಂಪನಿ ಕಟ್ಟುವ ಓಡಾಟದಲ್ಲಿದ್ದ ಮನುಷ್ಯ. ಸ್ಕಿನರ್ಡ್‌ನ ಗಾಯಕ ರಾನಿ ವ್ಯಾನ್ ಝಾಂಟ್ ತನ್ನ ಸರದಿ ಬಂದಾಗ ಮೈಕ್ ಹಿಡಿದು ಡೇವಿಸ್‌ನನ್ನೇ ಉದ್ದೇಶಿಸಿ ಮಾತಾಡಿದ. ಈಗ ಹೋದ ಹುಡುಗರ ಸಹಿ ಹಾಕಿಸಿಕೊಳ್ಳದೆ ಹೋದರೆ ಈ ಧಂದೆಯಲ್ಲಿ ನಿನ್ನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂಬರ್ಥದ ಮಾತು. ಸಾವಿರಾರು ಜನರ ಎದುರಿಗೆ ಬಂದ ಶಿಫಾರಸು. ಡೇವಿಸ್ ಸಹಿ ಹಾಕಿಸಿಕೊಂಡ. ಆರಿಸ್ಟಾ ಸಹಿ ಹಾಕಿಸಿಕೊಂಡ ಮೊದಲ ರಾಕ್ ತಂಡ ಔಟ್‌ಲಾಸ್ ಆಯಿತು.

ಈ ಪ್ರಸಂಗವನ್ನು ಔಟ್‌ಲಾಸ್‌ನ ಅಭಿಮಾನಿಗಳು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೆಮ್ಮೆ ಇದ್ದಷ್ಟೇ ಕೊರಗೂ ಆ ಮಾತಿನಲ್ಲಿದೆ. ಶಿಫಾರಸು ಮಾಡಿದವನು ಮೂರೇ ವರ್ಷದಲ್ಲಿ ಸತ್ತು ದಂತಕಥೆಯಾದ. ಶಿಫಾರಸು ಪಡೆದವರು ಮಾತ್ರ ರಾಕ್ ಇತಿಹಾಸದ ಪುಸ್ತಕಗಳಲ್ಲಿ ಒಂದೆರಡು ಸಾಲಿಗೆ ಮುಗಿಯುವ ಹೆಸರಾಗಿ ಉಳಿದರು. ನಮ್ಮ ಬೆಂಗಳೂರಿನ ಹಳೆಯ ರಾಕ್ ಪ್ರಿಯರನ್ನೇ ಕೇಳಿ ನೋಡಿ. ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ಕೊನೆಯ ಜೋಡಿ ಗಿಟಾರನ್ನು ಬಾಯಲ್ಲೇ ನುಡಿಸಿ ತೋರಿಸುವವರು ಸಿಗುತ್ತಾರೆ, ಔಟ್‌ಲಾಸ್ ಹೆಸರು ಬಲ್ಲವರು ಅಪರೂಪ. ಆ ಜೋಡಿಯಲ್ಲಿ ಒಬ್ಬನಾದ ಡಾನ್ ಫೆಲ್ಡರ್ ಬೆಳೆದದ್ದು ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ. ಟ್ಯಾಂಪಾದಿಂದ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಆ ಕಾಲದ ಫ್ಲೋರಿಡಾದಲ್ಲಿ ಗಿಟಾರ್ ಹಿಡಿದ ಹುಡುಗರಿಗೆ ಬರವಿರಲಿಲ್ಲ.

ಔಟ್‌ಲಾಸ್ ಯಾವ ಗಾಳಿಯಲ್ಲಿ ಬೆಳೆದರು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಸದರ್ನ್ ರಾಕ್ ಎಂದು ಆಮೇಲೆ ಹೆಸರಿಟ್ಟ ಸಂಗೀತಕ್ಕೆ ನೆಲೆ ಸಿಕ್ಕಿದ್ದು 1969ರಲ್ಲಿ, ಜಾಕ್ಸನ್‌ವಿಲ್‌ನಲ್ಲಿ ಆಲ್ಮನ್ ಬ್ರದರ್ಸ್ ಬ್ಯಾಂಡ್ ಕೂಡಿಕೊಂಡಾಗ. ಕರಿಯರ ಬ್ಲೂಸ್, ಬಿಳಿಯರ ಕಂಟ್ರಿ, ಚರ್ಚಿನ ಗಾಸ್ಪೆಲ್, ಮೇಲೊಂದಿಷ್ಟು ಜಾಝ್ ಎಲ್ಲ ಅವರಲ್ಲಿ ಬೆರೆತಿತ್ತು. ಡ್ವೇನ್ ಆಲ್ಮನ್, ಡಿಕಿ ಬೆಟ್ಸ್ ಇಬ್ಬರೂ ಲೀಡ್ ಗಿಟಾರ್ ನುಡಿಸುವವರೇ, ಒಬ್ಬ ಮುಖ್ಯ ಇನ್ನೊಬ್ಬ ಪಕ್ಕವಾದ್ಯ ಎಂಬ ಭೇದ ಅಲ್ಲಿರಲಿಲ್ಲ. ಜಾರ್ಜಿಯಾದ ಮೇಕನ್ ಊರಿನಲ್ಲಿ ಫಿಲ್ ವಾಲ್ಡನ್ ನಡೆಸುತ್ತಿದ್ದ ಕ್ಯಾಪ್ರಿಕಾರ್ನ್ ಕಂಪನಿ ಅವರಿಗೆ ಮನೆಯಾಯಿತು. 1971ರಲ್ಲಿ ಬಂದ ಅವರ ಫಿಲ್‌ಮೋರ್ ಈಸ್ಟ್ ಲೈವ್ ಆಲ್ಬಂನಲ್ಲಿ ಒಂದು ಹಾಡು 20 ನಿಮಿಷ ದಾಟುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ 24 ವಯಸ್ಸಿನ ಡ್ವೇನ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಸುಮಾರು ಒಂದು ವರ್ಷಕ್ಕೆ, ಅದೇ ಮೇಕನ್‌ನಲ್ಲಿ, ತಂಡದಲ್ಲಿ ಬಾಸ್ ನುಡಿಸುತ್ತಿದ್ದ ಬೆರಿ ಓಕ್ಲಿ ಕೂಡ ಮೋಟಾರ್‌ಸೈಕಲ್ ಮೇಲೆಯೇ ಹೋದ. ದಕ್ಷಿಣದ ಈ ಸಂಗೀತಕ್ಕೆ ಸಾವಿನ ನೆರಳು ಮೊದಲಿನಿಂದಲೇ ಅಂಟಿಕೊಂಡಿತು.

ಆಲ್ಮನ್‌ರ ಬೆನ್ನಿಗೇ ಸ್ಕಿನರ್ಡ್ ಬಂದರು. ಅದೇ ಜಾಕ್ಸನ್‌ವಿಲ್‌ನವರು, ಆದರೆ ಇನ್ನಷ್ಟು ಒರಟು, ಇನ್ನಷ್ಟು ನೇರ. ಮೂರು ಗಿಟಾರ್ ಇಟ್ಟುಕೊಂಡರು. 1973ರ ಮೊದಲ ಆಲ್ಬಂನಲ್ಲೇ ಒಂಬತ್ತು ನಿಮಿಷದ ‘ಫ್ರೀ ಬರ್ಡ್’ ಇತ್ತು. ವೇದಿಕೆಯ ಹಿಂದೆ ಅಂತರ್ಯುದ್ಧದ ಕಾಲದ ಕಾನ್ಫೆಡರೇಟ್ ಬಾವುಟ ಕಟ್ಟುತ್ತಿದ್ದರು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧಕ್ಕಿಳಿದವರ ಬಾವುಟವದು, ಅದರ ವಾದ ಇವತ್ತಿಗೂ ಮುಗಿದಿಲ್ಲ. ದಕ್ಷಿಣದ ಬಿಳಿ ಹುಡುಗರಿಗೆ ಅದು ಊರಿನ ಹೆಮ್ಮೆ ಅನಿಸುತ್ತಿತ್ತು, ಕರಿಯರಿಗೆ ಹಾಗನಿಸುವ ಸಾಧ್ಯತೆಯೇ ಇರಲಿಲ್ಲ. ಈ ಪ್ರಕಾರದ ಸಂಗೀತವನ್ನು ಮೆಚ್ಚುವವರು ಆ ಮುಜುಗರವನ್ನೂ ಹೊತ್ತುಕೊಂಡೇ ಮೆಚ್ಚಬೇಕು, ಬೇರೆ ದಾರಿಯಿಲ್ಲ.

ಟ್ಯಾಂಪಾದ ಹದ ಬೇರೆ. ಮೆಕ್ಸಿಕೋ ಕೊಲ್ಲಿಯ ಕಡೆಗಿರುವ ಬಂದರು ಪಟ್ಟಣ. ಕ್ಯೂಬಾದಿಂದ ಬಂದವರು ಸಿಗಾರ್ ಸುತ್ತುತ್ತಿದ್ದ ಈಬೋರ್ ಸಿಟಿ ಅಲ್ಲಿನ ಹಳೆಯ ಪೇಟೆ. ಒಳನಾಡಿಗೆ ಹೋದರೆ ಸ್ಪೇನ್‌ನವರ ಕಾಲದಿಂದ ನಡೆದುಬಂದ ದನಗಾವಲು. ಫ್ಲೋರಿಡಾ ಎಂದರೆ ಕಡಲತೀರ ಎಂದುಕೊಂಡವರಿಗೆ ಅಲ್ಲೂ ದನ ಮೇಯಿಸುವ ಕೌಬಾಯ್‌ಗಳಿದ್ದರು ಎಂಬುದು ಗೊತ್ತಿರುವುದಿಲ್ಲ. ಔಟ್‌ಲಾಸ್‌ನ ಗುರುತು ಉದ್ದ ಕೊಂಬಿನ ಎತ್ತಿನ ತಲೆಬುರುಡೆ. ಅವರ ಹಾಡುಗಳಲ್ಲಿ ಬರುವುದು ಕುದುರೆ, ಬಂದೂಕು, ಮುಳುಗುವ ಸೂರ್ಯ, ಊರು ಬಿಟ್ಟವನ ಒಂಟಿತನ. ಜಾರ್ಜಿಯಾದ ಬ್ಲೂಸ್‌ಗಿಂತ ಪಶ್ಚಿಮದ ಬಯಲು ಅವರಿಗೆ ಹತ್ತಿರ. ಮೂವರು ಕೂಡಿ ಹಾಡುವ ಕ್ರಮದಲ್ಲೂ ಕ್ಯಾಲಿಫೋರ್ನಿಯಾದ ಕಂಟ್ರಿ ರಾಕ್ ತಂಡಗಳ ಛಾಯೆ ಎದ್ದು ಕಾಣುತ್ತದೆ.

ಈ ಹೆಸರಿನ ತಂಡ ಟ್ಯಾಂಪಾದಲ್ಲಿ 1967ರಷ್ಟು ಹಿಂದೆಯೇ ಇತ್ತು. ಬಾರ್‌ಗಳಲ್ಲಿ ನುಡಿಸುವುದು, ಆಳು ಬದಲಾಗುವುದು, ಒಡೆಯುವುದು, ಮತ್ತೆ ಕೂಡುವುದು, ಅಷ್ಟೇ ಅದರ ಮೊದಲ ಐದು ವರ್ಷದ ಕಥೆ. 1972ರಲ್ಲಿ ಗಿಟಾರ್ ವಾದಕ ಹ್ಯೂಯಿ ಥಾಮಸನ್ ಬಂದು ಹೆನ್ರಿ ಪಾಲ್‌ನ ತಂಡದ ಜೊತೆ ಸೇರಿಕೊಂಡ ಮೇಲೆ ಅದು ನೆಲೆ ನಿಂತಿತು. ಹೆನ್ರಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಫ್ಲೋರಿಡಾದಲ್ಲಿ ಬೆಳೆದವನು, ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನಲ್ಲಿ ಜನಪದ ಗೀತೆ ಹಾಡಿ ಅದೃಷ್ಟ ನೋಡಿಕೊಂಡು ವಾಪಸಾಗಿದ್ದ. ಡ್ರಮ್‌ಗೆ ಮಾಂಟಿ ಯೋಹೊ, ಬಾಸ್‌ಗೆ ಫ್ರಾಂಕ್ ಓಕೀಫ್. ಮುಂದೆ ಇನ್ನೊಬ್ಬ ಲೀಡ್ ಗಿಟಾರಿಗನಾಗಿ ಬಿಲ್ಲಿ ಜೋನ್ಸ್. ಮೂರು ಗಿಟಾರ್ ಎದುರಿಗಿಟ್ಟುಕೊಂಡ ಈ ತಂಡಕ್ಕೆ ‘ಫ್ಲೋರಿಡಾ ಗಿಟಾರ್ ಆರ್ಮಿ’ ಎಂಬ ಅಡ್ಡಹೆಸರು ಬಿತ್ತು. ಥಾಮಸನ್‌ಗೆ ‘ದಿ ಫ್ಲೇಮ್’ ಎಂಬ ಇನ್ನೊಂದು. ಸ್ಕಿನರ್ಡ್‌ನ ವ್ಯವಹಾರ ನೋಡಿಕೊಂಡಿದ್ದ ಆಲನ್ ವಾಲ್ಡನ್, ಅಂದರೆ ಮೇಕನ್‌ನ ಫಿಲ್ ವಾಲ್ಡನ್‌ನ ತಮ್ಮ, ಚಾರ್ಲಿ ಬ್ರಸ್ಕೋ ಜೊತೆ ಸೇರಿ ಇವರ ಮ್ಯಾನೇಜರ್ ಆದ. ಕೊಲಂಬಸ್‌ನ ಶೋ ಸುಮ್ಮನೆ ಒದಗಿ ಬಂದದ್ದಲ್ಲ.

1975ರಲ್ಲಿ ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಂ ಬಂತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 13ನೇ ಸ್ಥಾನದವರೆಗೆ ಏರಿತು. ಹೊಸಬರಿಗೆ ಅದು ಸಣ್ಣ ಮಾತಲ್ಲ. ಥಾಮಸನ್ ಮತ್ತು ಡ್ರಮ್ ನುಡಿಸುವ ಯೋಹೊ ಸೇರಿ ಬರೆದ ‘ದೇರ್ ಗೋಸ್ ಅನದರ್ ಲವ್ ಸಾಂಗ್’ ಸಿಂಗಲ್ ಆಗಿ 34ನೇ ಸ್ಥಾನ ಮುಟ್ಟಿತು. ಅದು ರೇಡಿಯೊಗೆ ಹೇಳಿ ಮಾಡಿಸಿದ ಹಾಡು, ಲಘುವಾಗಿ ಓಡುತ್ತದೆ, ಕೇಳಿ ಮುಗಿದ ಮೇಲೂ ಗುನುಗುವಂತಿರುತ್ತದೆ. ಜೋನ್ಸ್ ಬರೆದ ‘ಇಟ್ ಫಾಲೋಸ್ ಫ್ರಮ್ ಯುವರ್ ಹಾರ್ಟ್’ ನಿಧಾನದ್ದು. ನನ್ನ ಲೆಕ್ಕದಲ್ಲಿ ಆಲ್ಬಂನ ಅತ್ಯಂತ ಚೆಂದದ ರಚನೆ ಅದೇ, ಅಭಿಮಾನಿಗಳಲ್ಲಿ ಬಹುಪಾಲು ಜನ ಒಪ್ಪಲಾರರು. ಅವರಿಗೆಲ್ಲ ಆಲ್ಬಂ ಎಂದರೆ ಎರಡನೇ ಬದಿಯ ಕೊನೆಯ ಹಾಡು.

ಆ ಹಾಡು ‘ಗ್ರೀನ್ ಗ್ರಾಸ್ ಅಂಡ್ ಹೈ ಟೈಡ್ಸ್’. ಹತ್ತು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ. ಸೇಂಟ್ ಆಗಸ್ಟೀನ್‌ನ ಕಡಲತೀರಕ್ಕೆ ಗೆಳೆಯರೆಲ್ಲ ಅಡುಗೆ ಮಾಡಿಕೊಂಡು ಉಣ್ಣಲು ಹೋಗಿದ್ದರಂತೆ, ಗಿಟಾರ್ ತರುವುದನ್ನು ಎಲ್ಲರೂ ಮರೆತಿದ್ದರಂತೆ. ಸಮುದ್ರದ ಗಾಳಿಗೆ ನಿಂತಿದ್ದಾಗ ಸಾಲುಗಳು ಒಂದೊಂದಾಗಿ ಬಂದವು ಎಂದು ಥಾಮಸನ್ ಹೇಳಿಕೊಂಡಿದ್ದಾನೆ. ಶೀರ್ಷಿಕೆ ಹೊಳೆದದ್ದು ರೋಲಿಂಗ್ ಸ್ಟೋನ್ಸ್‌ನ ಒಂದು ಹಳೆಯ ಸಂಕಲನದ ಹೆಸರನ್ನು ತಿರುಗಿಸಿ. ಗಾಂಜಾದ ಹಾಡು ಎಂದು ತಿಳಿದವರು ಬಹಳ. ಅಲ್ಲ ಎಂದು ಅವನು ಹೇಳಿ ಹೇಳಿ ಸೋತ. ಅವನ ಪ್ರಕಾರ ಅದು ಸತ್ತುಹೋದ ರಾಕ್ ತಾರೆಯರನ್ನು ಕುರಿತದ್ದು. ಜಿಮಿ ಹೆಂಡ್ರಿಕ್ಸ್, ಜಾನಿಸ್ ಜಾಪ್ಲಿನ್, ಜಿಮ್ ಮಾರಿಸನ್ ಮುಂತಾದವರು ಎದ್ದು ಬಂದು ತನಗಾಗಿ ನುಡಿಸುತ್ತಿದ್ದಾರೆ ಎಂಬ ಕಲ್ಪನೆ.

ಇಲ್ಲೊಂದು ಕಾಕತಾಳೀಯವಿದೆ, ಅದನ್ನು ಗಮನಿಸಿದವರು ಕಡಿಮೆ ಎಂದು ಕಾಣುತ್ತದೆ. ಈ ಆಲ್ಬಂನ ನಿರ್ಮಾಪಕ ಪಾಲ್ ರಾತ್‌ಚೈಲ್ಡ್. ಮಾರಿಸನ್‌ನ ಡೋರ್ಸ್ ತಂಡದ ಮೊದಲ ಐದು ಆಲ್ಬಂಗಳು ಅವನ ಕೈಯಲ್ಲೇ ಆದವು. ಜಾಪ್ಲಿನ್ ಸಾಯುವ ಹೊತ್ತಿಗೆ ಧ್ವನಿಮುದ್ರಿಸುತ್ತಿದ್ದ, 1971ರಲ್ಲಿ ಹೊರಬಂದ ‘ಪರ್ಲ್’ ಕೂಡ ಅವನದ್ದೇ. ಸತ್ತ ತಾರೆಯರನ್ನು ಕರೆಯುವ ಹಾಡನ್ನು ಟೇಪಿಗೆ ಇಳಿಸಿದ್ದು ಆ ತಾರೆಯರ ಕೊರಳನ್ನು ಇಷ್ಟು ಹತ್ತಿರದಿಂದ ಕೇಳಿದ್ದವನು. ನುಡಿಸುತ್ತಿದ್ದ ಹುಡುಗರಿಗೆ ಆ ಕೋಣೆಯಲ್ಲಿ ಹೇಗನಿಸಿರಬಹುದು.

ಹಾಡು ಎನ್ನುವುದಕ್ಕಿಂತ ಅದೊಂದು ಜುಗಲ್‌ಬಂದಿ. ಮಾತಿನ ಭಾಗ ಬೇಗ ಮುಗಿದು ಗಿಟಾರ್ ಶುರುವಾಗುತ್ತದೆ, ನಡುವೆ ಹಾಡು ಒಮ್ಮೆ ತಲೆ ತೋರಿಸಿ ಹೋಗುತ್ತದೆ, ಮತ್ತೆ ಗಿಟಾರ್ ಎತ್ತಿಕೊಂಡರೆ ಕೊನೆಯವರೆಗೂ ಬಿಡುವುದಿಲ್ಲ. ಇಬ್ಬರ ವಾದ್ಯಗಳು ಬೇರೆ ಬೇರೆ ಎಂಬುದನ್ನು ಮೊದಲು ಹಿಡಿಯಬೇಕು. ಥಾಮಸನ್ ಕೈಯಲ್ಲಿ ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ತಂತಿಯ ಕಂಪನವನ್ನು ಹಿಡಿಯುವ ಅದರ ಪಿಕಪ್‌ನಲ್ಲಿ ಒಂದೇ ಸುರುಳಿ, ಆದ್ದರಿಂದ ನಾದ ತೆಳು, ಚೂಪು, ಪ್ರತಿ ಬೆರಳಿನ ಹೊಡೆತ ಬಿಡಿಬಿಡಿಯಾಗಿ ಕೇಳುತ್ತದೆ. ಕಂಟ್ರಿ ಸಂಗೀತದವರು ಬ್ಯಾಂಜೊ ನುಡಿಸುವ ಚುರುಕು ಅವನ ಬೆರಳಲ್ಲಿತ್ತು. ಜೋನ್ಸ್‌ನದು ಗಿಬ್ಸನ್ ಲೆಸ್ ಪಾಲ್. ಅದರ ಪಿಕಪ್‌ನಲ್ಲಿ ಎರಡು ಸುರುಳಿ, ಮರವೂ ಭಾರ. ನಾದ ದಪ್ಪ, ಎಳೆದಷ್ಟು ಹೊತ್ತು ನಿಲ್ಲುತ್ತದೆ. ಒಬ್ಬನು ಸ್ವರಗಳನ್ನು ಉದುರಿಸುತ್ತ ಹೋದರೆ ಇನ್ನೊಬ್ಬ ಒಂದು ಸ್ವರ ಹಿಡಿದು ಬಗ್ಗಿಸಿ ನಿಲ್ಲಿಸುತ್ತಾನೆ. ನಡುವೆ ಹೆನ್ರಿ ಪಾಲ್ ರಿದಮ್ ಹೊಡೆಯುತ್ತ ನೆಲ ಗಟ್ಟಿ ಮಾಡಿಕೊಡುತ್ತಾನೆ. ಇಷ್ಟು ತಿಳಿದುಕೊಂಡು ಕೇಳಿದರೆ ಯಾವ ತುಣುಕು ಯಾರದ್ದು ಎಂದು ಹೇಳಬಹುದು. ಅಭಿಮಾನಿಗಳ ಮುಗಿಯದ ಜಗಳ ಇರುವುದೂ ಇಲ್ಲೇ. ಹ್ಯೂಯಿ ದೊಡ್ಡವನೋ ಬಿಲ್ಲಿ ದೊಡ್ಡವನೋ? ಎಲ್ಲರ ಬಾಯಲ್ಲಿರುವುದು ಹ್ಯೂಯಿಯ ಹೆಸರು. ಆದರೆ ಹಳೆಯ ಅಭಿಮಾನಿಗಳಲ್ಲಿ ಬಿಲ್ಲಿಯ ಪಕ್ಷದವರು ಹಠವಾದಿಗಳು, ಅವರ ವಾದದಲ್ಲಿ ಹುರುಳೂ ಇದೆ. ಹ್ಯೂಯಿ ಮುಂದೆ ಬೇರೆ ಎಷ್ಟೋ ಒಳ್ಳೆಯ ಗಿಟಾರಿಗರ ಜೊತೆ ನುಡಿಸಿದ. ಬಿಲ್ಲಿ ಎದುರಿಗಿದ್ದಾಗಿನ ಕಾವು ಮತ್ತೆ ಬರಲಿಲ್ಲ.

ಅಮೆರಿಕದ ರೇಡಿಯೊ ಆಗ ಎರಡು ಹೋಳಾಗಿತ್ತು. ಎಎಂ ಕೇಂದ್ರಗಳಿಗೆ ಮೂರು ನಿಮಿಷದ ಸಿಂಗಲ್ ಬೇಕು. ಎಫ್‌ಎಂ ಕೇಂದ್ರಗಳು ಆಲ್ಬಂನ ಉದ್ದುದ್ದ ಹಾಡುಗಳನ್ನು, ಅದರಲ್ಲೂ ರಾತ್ರಿ ಹೊತ್ತು, ಪೂರ್ತಿ ಹಾಕುತ್ತಿದ್ದವು. ‘ಗ್ರೀನ್ ಗ್ರಾಸ್’ ಬದುಕಿಕೊಂಡಿದ್ದು ಈ ಎಫ್‌ಎಂನಿಂದ ಮತ್ತು ಬಾಯಿಂದ ಬಾಯಿಗೆ ಹೋದ ಮಾತಿನಿಂದ. ಪಟ್ಟಿಯ ಲೆಕ್ಕದಲ್ಲಿ ಹುಡುಕಿದರೆ ಆ ಹಾಡೇ ಸಿಗುವುದಿಲ್ಲ. ಇವರನ್ನು ಅಳೆಯಲು ಹೊರಟವರು ತಪ್ಪಿದ್ದು ಇಲ್ಲಿ ಎಂದು ನನ್ನ ಎಣಿಕೆ. ಈ ತಂಡದ ಅತ್ಯುತ್ತಮ ಹಾಡು ಸಿಂಗಲ್‌ನ ಅಳತೆಗೆ ಬಗ್ಗದ್ದು, ಸಿಂಗಲ್ ಆಗಿ ಗೆದ್ದ ಹಾಡು ಅತ್ಯುತ್ತಮವಾದದ್ದಲ್ಲ.

1976ರಲ್ಲಿ ‘ಲೇಡಿ ಇನ್ ವೇಟಿಂಗ್’, 1977ರಲ್ಲಿ ‘ಹರಿ ಸನ್‌ಡೌನ್’. ಎರಡನೆಯದರ ನಿರ್ಮಾಪಕ ಬಿಲ್ ಸಿಮ್‌ಚಿಕ್, ‘ಹೋಟೆಲ್ ಕ್ಯಾಲಿಫೋರ್ನಿಯಾ’ ಆಲ್ಬಂ ಮುಗಿಸಿ ಬಂದವನು. ಶೀರ್ಷಿಕೆ ಗೀತೆ ಮತ್ತು ‘ಗನ್‌ಸ್ಮೋಕ್’ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬಹಳ ಇಲ್ಲ, ಪಟ್ಟಿಯಲ್ಲೂ 51ಕ್ಕೆ ನಿಂತಿತು. ಓಕೀಫ್ ಹೊರಟುಹೋಗಿ ಹಾರ್ವಿ ಡಾಲ್ಟನ್ ಆರ್ನಲ್ಡ್ ಬಂದಿದ್ದ. ವರ್ಷ ಮುಗಿಯುವುದರೊಳಗೆ ಹೆನ್ರಿ ಪಾಲ್ ಕೂಡ ಹೊರಬಿದ್ದ, ಫ್ರೆಡ್ಡಿ ಸೇಲಮ್ ಆ ಜಾಗಕ್ಕೆ ಬಂದ. ಆಲ್ಮನ್‌ರ ಹಾಗೆ ಎರಡನೇ ಡ್ರಮ್ಮರ್ ಬೇಕೆನಿಸಿ ಹಳೆಯ ಗೆಳೆಯ ಡೇವಿಡ್ ಡಿಕ್ಸ್‌ನನ್ನು ಕರೆದುಕೊಂಡರು.

ಅದೇ 1977ರ ಅಕ್ಟೋಬರ್ 20ರಂದು ಸ್ಕಿನರ್ಡ್ ತಂಡವಿದ್ದ ಬಾಡಿಗೆ ವಿಮಾನ ಇಂಧನ ಬರಿದಾಗಿ ಮಿಸಿಸಿಪಿಯ ಗಿಲ್ಸ್‌ಬರ್ಗ್ ಬಳಿ ಕಾಡಿಗೆ ಬಿತ್ತು. ರಾನಿ ವ್ಯಾನ್ ಝಾಂಟ್, ಗಿಟಾರಿಗ ಸ್ಟೀವ್ ಗೇನ್ಸ್, ಅವನ ಅಕ್ಕ ಗಾಯಕಿ ಕ್ಯಾಸಿ ಗೇನ್ಸ್ ಸೇರಿ ಆರು ಮಂದಿ ಸತ್ತರು. ಸ್ಕಿನರ್ಡ್‌ನ ಹೊಸ ಆಲ್ಬಂ ಬಂದು ಆಗ ಮೂರೇ ದಿನ. ಔಟ್‌ಲಾಸ್‌ಗೆ ಅದು ಬರೀ ಸುದ್ದಿಯಾಗಿರಲಿಲ್ಲ. ತಮಗಾಗಿ ಮೈಕ್ ಹಿಡಿದು ಮಾತಾಡಿದವನು ಹೋಗಿದ್ದ. ಬೇರೆ ತಂಡ ಕಟ್ಟಿಕೊಂಡ ಹೆನ್ರಿ ಪಾಲ್ 1979ರಲ್ಲಿ ಹೊರತಂದ ‘ಗ್ರೇ ಗೋಸ್ಟ್’ ಹಾಡು ವ್ಯಾನ್ ಝಾಂಟ್‌ನ ನೆನಪಿಗೆ ಬರೆದದ್ದು.

1978ರಲ್ಲಿ ಬಂದ ‘ಬ್ರಿಂಗ್ ಇಟ್ ಬ್ಯಾಕ್ ಅಲೈವ್’ ಎಂಬ ಲೈವ್ ಡಬಲ್ ಆಲ್ಬಂ ಈ ತಂಡದ ನಿಜವಾದ ಸ್ಮಾರಕ. ಎರಡು ಎಲ್‌ಪಿ, ನಾಲ್ಕು ಬದಿ. ನಾಲ್ಕನೇ ಬದಿಯಲ್ಲಿ ಒಂದೇ ಹಾಡು. ಸ್ಟುಡಿಯೊದಲ್ಲಿ ಹತ್ತು ನಿಮಿಷದೊಳಗೆ ಮುಗಿದಿದ್ದ ‘ಗ್ರೀನ್ ಗ್ರಾಸ್’ ಇಲ್ಲಿ 20 ನಿಮಿಷ ದಾಟುತ್ತದೆ. ಉದ್ದ ಮಾಡಿದ್ದಾರೆ ಅಷ್ಟೇ ಎಂದು ಮೂಗು ಮುರಿಯುವವರಿದ್ದಾರೆ. ಕೆಲವು ಕಡೆ ನಿಜವೂ ಹೌದು, ಒಂದೇ ತುಣುಕನ್ನು ತಿರುಗಾ ಮುರುಗಾ ಹಾಕುವ ಜಾಗಗಳಿವೆ. ಆದರೆ ಪೂರ್ತಿ ಕೇಳಿದವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಒಬ್ಬನ ಸೋಲೊ ಮುಗಿಯುತ್ತ ಬಂದಾಗ ಇನ್ನೊಬ್ಬ ಮೇಲೆ ಬಿದ್ದು ಕಿತ್ತುಕೊಳ್ಳುವುದಿಲ್ಲ. ಅವನ ಕೊನೆಯ ಸ್ವರಗಳನ್ನೇ ಎತ್ತಿಕೊಂಡು ಮುಂದುವರಿಸುತ್ತಾನೆ. ಲಯ ಏರಿದಂತೆ ಸರದಿಗಳು ಚಿಕ್ಕವಾಗುತ್ತವೆ, ಕಡೆಗೆ ಇಬ್ಬರೂ ಒಟ್ಟಿಗೇ ನುಡಿಸುತ್ತಿರುತ್ತಾರೆ, ಹಿಂದೆ ಎರಡು ಡ್ರಮ್. ಜನ ಕೂಗುವುದು ರೆಕಾರ್ಡಿನಲ್ಲೇ ಕೇಳಿಸುತ್ತದೆ, ಎಲ್ಲಿ ಕೂಗಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು. ಶೋ ಮುಗಿಯುವುದು ಈ ಹಾಡಿನಿಂದಲೇ ಎಂಬುದು ಆಗಲೇ ಕಟ್ಟಳೆಯಾಗಿತ್ತು. ಸ್ಕಿನರ್ಡ್‌ಗೆ ‘ಫ್ರೀ ಬರ್ಡ್’ ಹೇಗೋ ಇವರಿಗೆ ಇದು ಹಾಗೆ. ಎರಡರಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಕೂತ ಅಭಿಮಾನಿಗಳನ್ನು ಬೆಳಗಿನ ಜಾವದವರೆಗೆ ಎಬ್ಬಿಸುವುದು ಕಷ್ಟ. ಹಾಡಾಗಿ ‘ಫ್ರೀ ಬರ್ಡ್’ ದೊಡ್ಡದು, ಗಿಟಾರಿನ ಕೆಲಸವಾಗಿ ‘ಗ್ರೀನ್ ಗ್ರಾಸ್’ ದೊಡ್ಡದು. ನನ್ನ ತೀರ್ಪು ಇಷ್ಟು.

ಹಾಗಿದ್ದರೂ ಹಿಂದಿನ ಸಾಲಿನಲ್ಲೇ ಏಕೆ ಉಳಿದರು? ಅಭಿಮಾನಿಗಳು ಕಂಪನಿಯನ್ನು ಬೈಯುತ್ತಾರೆ. ಆರಿಸ್ಟಾದ್ದು ಹಿಟ್ ಹಾಡುಗಳ ಮನೆ, ಬ್ಯಾರಿ ಮ್ಯಾನಿಲೋನ ಮನೆ. ಅದೇ 1975ರಲ್ಲಿ ಪ್ಯಾಟಿ ಸ್ಮಿತ್‌ಳ ‘ಹಾರ್ಸಸ್’ ಆಲ್ಬಂ ಹೊರತಂದು ನ್ಯೂಯಾರ್ಕ್ ಪಂಕ್‌ಗೂ ಬಾಗಿಲು ತೆರೆದಿತ್ತು. ಅಲ್ಲಿ ದಕ್ಷಿಣದ ಹುಡುಗರು ಹೊರಗಿನವರೇ. ಮೇಕನ್‌ನ ಕ್ಯಾಪ್ರಿಕಾರ್ನ್‌ನಲ್ಲಿ ಒಂದು ಬಳಗವಿತ್ತು, ತಂಡಕ್ಕೆ ತಂಡ ಆಸರೆ. ಆಲ್ಮನ್ ಬ್ರದರ್ಸ್ ಹಾಡಿ ಹಣ ಎತ್ತಿಕೊಟ್ಟ ಜಿಮ್ಮಿ ಕಾರ್ಟರ್ ಅಧ್ಯಕ್ಷನೇ ಆದ. ಔಟ್‌ಲಾಸ್‌ಗೆ ಅಂಥ ಬಳಗವಿರಲಿಲ್ಲ. ಇದೆಲ್ಲ ಸರಿ. ಆದರೆ ಕಂಪನಿಯೊಂದನ್ನೇ ಬೈದರೆ ಆಗುವುದಿಲ್ಲ. ಒಂದು ಆಲ್ಬಂಗೆ ಎರಡು ಮೂರು ಗಟ್ಟಿ ಹಾಡು, ಉಳಿದದ್ದು ಜಾಗ ತುಂಬಲು ಎಂಬಂಥ ಸ್ಥಿತಿ ಎರಡನೇ ಆಲ್ಬಂನಿಂದಲೇ ಶುರುವಾಗಿತ್ತು. ವ್ಯಾನ್ ಝಾಂಟ್‌ಗೆ ಇದ್ದಂಥ ಮಾತಿನ ಶಕ್ತಿ, ನಾಲ್ಕು ಸಾಲಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವ ಶಕ್ತಿ, ಥಾಮಸನ್‌ಗೆ ಇರಲಿಲ್ಲ. ಸಾವು ಮತ್ತು ಬಾವುಟ ಎರಡೂ ಬೇರೆಯವರ ಸುತ್ತ ಕಥೆ ಹೆಣೆದವು. ಪತ್ರಿಕೆಗಳು ಬರೆದದ್ದು ಆ ಕಥೆಯನ್ನು. ಬರೀ ಚೆನ್ನಾಗಿ ಗಿಟಾರ್ ನುಡಿಸುತ್ತಾರೆ ಎಂಬುದು ಮುಖಪುಟದ ಸುದ್ದಿಯಾಗಲಿಲ್ಲ.

ಮುಂದಿನದ್ದು ಇಳಿಜಾರು. 1978ರ ಕೊನೆಗೆ ‘ಪ್ಲೇಯಿಂಗ್ ಟು ವಿನ್’ಗೆ ಮಟ್ ಲ್ಯಾಂಗ್ ನಿರ್ಮಾಪಕನಾದ. ಅವನು ಮುಂದೆ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಮಾಡಿ ಜಗತ್ತನ್ನೇ ಗೆದ್ದ, ಇಲ್ಲಿ ಮಾತ್ರ ಪವಾಡ ನಡೆಯಲಿಲ್ಲ. 1980ರ ‘ಗೋಸ್ಟ್ ರೈಡರ್ಸ್’ ಆಲ್ಬಂನ ಶೀರ್ಷಿಕೆ ಗೀತೆ 31ನೇ ಸ್ಥಾನಕ್ಕೆ ಏರಿತು. ಅವರ ಹಾಡುಗಳಲ್ಲಿ ಅತಿ ಮೇಲೆ ಹೋದದ್ದು ಅದೇ, ವಿಪರ್ಯಾಸವೆಂದರೆ ಅದು ಅವರದ್ದಲ್ಲ. ಸ್ಟಾನ್ ಜೋನ್ಸ್ ಎಂಬಾತ 1948ರಲ್ಲಿ ಬರೆದ ಕೌಬಾಯ್ ಗೀತೆ, ಜಾನಿ ಕ್ಯಾಶ್ ಸಹಿತ ಹತ್ತಾರು ಮಂದಿ ಹಾಡಿದ್ದು. ಆದರೆ ಎತ್ತಿನ ಬುರುಡೆ ಗುರುತಿನ ತಂಡಕ್ಕೆ ಅದು ಎಷ್ಟು ಒಪ್ಪಿತೆಂದರೆ ಈಗ ಅವರದ್ದೇ ಎಂದು ತಿಳಿದವರಿದ್ದಾರೆ. ಬಿಲ್ಲಿ ಜೋನ್ಸ್ ಆಮೇಲೆ ತಂಡ ಬಿಟ್ಟ. 1981ರಲ್ಲಿ ಎಂಟಿವಿ ಬಂತು. ಗಡ್ಡ, ಜೀನ್ಸ್, ಇಪ್ಪತ್ತು ನಿಮಿಷದ ಹಾಡು ಯಾರಿಗೂ ಬೇಡವಾಯಿತು. ಕ್ಯಾಪ್ರಿಕಾರ್ನ್ ಆಗಲೇ ದಿವಾಳಿಯಾಗಿತ್ತು. ಹೆನ್ರಿ ಪಾಲ್ 80ರ ದಶಕದಲ್ಲಿ ಒಮ್ಮೆ ವಾಪಸ್ ಬಂದು ಮತ್ತೆ ಹೋದ. ಮೊದಲಿನ ಐವರಲ್ಲಿ ಥಾಮಸನ್ ಒಬ್ಬನೇ ಉಳಿದು, ಹೊಸಬರನ್ನು ಸೇರಿಸಿಕೊಂಡು, ಚಿಕ್ಕ ಚಿಕ್ಕ ಕ್ಲಬ್‌ಗಳಲ್ಲಿ ತಂಡದ ಹೆಸರು ಹೊತ್ತು ನಡೆಸಿದ. ಅಲ್ಲಿಗೂ ಜನ ಬರುತ್ತಿದ್ದರು, ಮೊದಲಿಗಿಂತ ಕಡಿಮೆ, ಆದರೆ ಬಂದವರು ಕೊನೆಯ ಹಾಡಿನವರೆಗೆ ಎದ್ದು ಹೋಗುತ್ತಿರಲಿಲ್ಲ.

1995ರ ಫೆಬ್ರವರಿ ಈ ತಂಡಕ್ಕೆ ಕೆಟ್ಟ ತಿಂಗಳು. ಬಿಲ್ಲಿ ಜೋನ್ಸ್ ಆತ್ಮಹತ್ಯೆ ಮಾಡಿಕೊಂಡ. ಅದೇ ತಿಂಗಳು ಮುಗಿಯುವುದರೊಳಗೆ ಫ್ರಾಂಕ್ ಓಕೀಫ್ ಕೂಡ ತೀರಿಕೊಂಡ. ಸ್ಕಿನರ್ಡ್ ವಿಮಾನ ಬಿದ್ದಾಗ ಇಡೀ ದೇಶ ಅತ್ತಿತ್ತು. ಈ ಸಾವುಗಳು ಸಂಗೀತ ಪತ್ರಿಕೆಗಳ ಮೂಲೆಯಲ್ಲಿ ಬಂದು ಹೋದವು.

ಮರುವರ್ಷ ಥಾಮಸನ್‌ಗೆ ಕರೆ ಬಂತು, ಬಂದದ್ದು ಸ್ಕಿನರ್ಡ್‌ನಿಂದ. ಬದುಕುಳಿದವರು ಸೇರಿ ಆ ತಂಡವನ್ನು ಮತ್ತೆ ಕಟ್ಟಿದ್ದರು. ಬ್ಲ್ಯಾಕ್‌ಫುಟ್ ತಂಡದ ರಿಕಿ ಮೆಡ್ಲಾಕ್ ಮತ್ತು ಥಾಮಸನ್ ಇಬ್ಬರೂ 1996ರಲ್ಲಿ ಅದರ ಗಿಟಾರಿಗರಾದರು. ತನ್ನ ತಂಡವನ್ನು ಬದಿಗಿಟ್ಟು ಥಾಮಸನ್ ಒಂಬತ್ತು ವರ್ಷ ಅಲ್ಲಿ ದುಡಿದ. ಹಾಡುಗಳನ್ನೂ ಬರೆದುಕೊಟ್ಟ. ತನ್ನ ಜೀವನದ ಅತಿ ದೊಡ್ಡ ಪ್ರೇಕ್ಷಕ ಸಮೂಹದ ಎದುರು ಅವನು ನುಡಿಸಿದ್ದು ‘ಫ್ರೀ ಬರ್ಡ್’. ಅಭಿಮಾನಿಗಳಲ್ಲಿ ಇದನ್ನು ಮಾನ ಸಿಕ್ಕಿತೆಂದು ಹೇಳುವವರೂ ಇದ್ದಾರೆ, ಹುಲಿಯನ್ನು ಬಾಡಿಗೆಗೆ ಕೊಟ್ಟ ಹಾಗಾಯಿತು ಎಂದು ಸಿಟ್ಟಾಗುವವರೂ ಇದ್ದಾರೆ.

2005ರಲ್ಲಿ ಅವನು ಸ್ಕಿನರ್ಡ್ ಬಿಟ್ಟು ಬಂದು ಹೆನ್ರಿ ಪಾಲ್, ಯೋಹೊ, ಡಿಕ್ಸ್ ಜೊತೆ ಔಟ್‌ಲಾಸನ್ನು ಮತ್ತೆ ಎಬ್ಬಿಸಿದ. ಹೆನ್ರಿ ಈ ನಡುವೆ ಬ್ಲ್ಯಾಕ್‌ಹಾಕ್ ಎಂಬ ಕಂಟ್ರಿ ತಂಡದಲ್ಲಿ 90ರ ದಶಕದ ಹಿಟ್‌ಗಳನ್ನು ಕೊಟ್ಟು ಹೆಸರು ಮಾಡಿದ್ದ. ಹೊಸ ಆಲ್ಬಂನ ಕೆಲಸ ನಡೆದಿತ್ತು. 2007ರ ಸೆಪ್ಟೆಂಬರ್ 9ರಂದು ಟ್ಯಾಂಪಾದ ಉತ್ತರಕ್ಕಿರುವ ಬ್ರೂಕ್ಸ್‌ವಿಲ್‌ನ ತನ್ನ ಮನೆಯಲ್ಲಿ ಥಾಮಸನ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 55.

ಆಮೇಲೆ ಎರಡೂವರೆ ತಿಂಗಳೂ ಕಳೆದಿರಲಿಲ್ಲ, ‘ರಾಕ್ ಬ್ಯಾಂಡ್’ ಎಂಬ ವಿಡಿಯೊ ಗೇಮ್ ಮಾರುಕಟ್ಟೆಗೆ ಬಂತು. ಪ್ಲಾಸ್ಟಿಕ್ ಗಿಟಾರಿನ ಬಣ್ಣದ ಗುಂಡಿಗಳನ್ನು ಹಾಡಿನ ಜೊತೆಗೇ ಒತ್ತುವ ಆಟ. ಅದರ ಪಟ್ಟಿಯಲ್ಲಿ ‘ಗ್ರೀನ್ ಗ್ರಾಸ್’ ಇತ್ತು, ಗಿಟಾರ್ ಆಡುವವರಿಗೆ ಅತಿ ಕಷ್ಟದ ಹಾಡುಗಳ ಸಾಲಿನಲ್ಲಿ. 1975ರಲ್ಲಿ ಹುಟ್ಟೇ ಇರದ ಹುಡುಗರು ಅದನ್ನು ಮುಗಿಸಲಾಗದೆ ಬೆರಳು ನೋಯಿಸಿಕೊಂಡರು. ಯಾರಪ್ಪ ಇದನ್ನು ನಿಜವಾದ ತಂತಿಯ ಮೇಲೆ ನುಡಿಸಿದವರು ಎಂದು ಹುಡುಕಿಕೊಂಡು ಹೋದವರಿಗೆ ಔಟ್‌ಲಾಸ್ ಸಿಕ್ಕಿದರು. ಮೂವತ್ತು ವರ್ಷ ವಿಮರ್ಶಕರು ಮಾಡದ ಕೆಲಸವನ್ನು ಒಂದು ಆಟದ ಸಾಮಾನು ಮಾಡಿತು. ಇವತ್ತು ಈ ತಂಡದ ಹಾಡಿಗೆ ತಲೆದೂಗುವ ನಲವತ್ತರ ಆಸುಪಾಸಿನವರಲ್ಲಿ ಹಲವರು ಆ ದಾರಿಯಿಂದ ಬಂದವರೇ.

ಉಳಿದ ಹೆನ್ರಿ ಪಾಲ್ ಮತ್ತು ಯೋಹೊ ತಂಡವನ್ನು ಮುಂದುವರಿಸಿದರು. ಹೆಸರು ಯಾರದ್ದು ಎಂಬ ವ್ಯಾಜ್ಯ ಕೋರ್ಟಿನವರೆಗೆ ಹೋಯಿತು, ತೀರ್ಪು ಇವರ ಕಡೆಗಾಯಿತು. ಥಾಮಸನ್ ಇಲ್ಲದ ತಂಡವನ್ನು ಔಟ್‌ಲಾಸ್ ಎನ್ನಬಹುದೇ ಎಂದು ಅಭಿಮಾನಿಗಳು ಎರಡು ಪಾಲಾದರು. 2012ರಲ್ಲಿ ‘ಇಟ್ಸ್ ಅಬೌಟ್ ಪ್ರೈಡ್’, 2020ರಲ್ಲಿ ‘ಡಿಕ್ಸಿ ಹೈವೇ’ ಬಂದವು. ಎರಡರಲ್ಲೂ ಜೋಡಿ ಗಿಟಾರ್ ಹಳೆಯ ಕ್ರಮದಲ್ಲೇ ಇದೆ, ಕೆಲಸ ಅಚ್ಚುಕಟ್ಟು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಆಲ್ಮನ್ ಬ್ರದರ್ಸ್ 1995ರಲ್ಲಿ ಸೇರಿದರು, ಸ್ಕಿನರ್ಡ್ 2006ರಲ್ಲಿ. ಔಟ್‌ಲಾಸ್ ಹೆಸರು ಅಲ್ಲಿಲ್ಲ.

ಹೊಸದಾಗಿ ಕೇಳುವವರಿಗೆ ಒಂದು ಮಾತು. ಹಿಟ್ ಹಾಡುಗಳ ಸಂಕಲನದಿಂದ ಶುರು ಮಾಡಬೇಡಿ, ಈ ತಂಡದ ಮಟ್ಟಿಗೆ ಅದು ತಪ್ಪು ಬಾಗಿಲು. 1975ರ ಮೊದಲ ಆಲ್ಬಂ ಪೂರ್ತಿ ಕೇಳಿ, ಆಮೇಲೆ ‘ಬ್ರಿಂಗ್ ಇಟ್ ಬ್ಯಾಕ್ ಅಲೈವ್’ನ ನಾಲ್ಕನೇ ಬದಿಗೆ ಹೋಗಿ. ಹೆಡ್‌ಫೋನ್ ಹಾಕಿಕೊಳ್ಳಿ, 20 ನಿಮಿಷ ಫೋನ್ ಮುಟ್ಟಬೇಡಿ. ತೆಳು ನಾದದ ಗಿಟಾರ್ ಹ್ಯೂಯಿಯದು, ದಪ್ಪ ನಾದದ್ದು ಬಿಲ್ಲಿಯದು. ಯಾರ ಪಕ್ಷ ಸೇರಬೇಕೆಂದು ನೀವೇ ತೀರ್ಮಾನಿಸಿ.